ಚಿಲಕ ಹಾಕಿದ ಮೇಲೆ

ಒಬ್ಬರ ಹುರುಪನ್ನು ಇನ್ನೊಬ್ಬರ ಮಿದುಳಿಗೆ ದಾಟಿಸಬಹುದು ಎಂಬುದು ಸಾಬೀತಾದಾಗ ಪತ್ರಿಕೆಗಳು ಆ ಸುದ್ದಿಯನ್ನು ಒಳಪುಟದಲ್ಲಿ ಹಾಕಿದವು. ಮುಖಪುಟಕ್ಕೆ ಬೇಕಾದದ್ದು ಅದರಲ್ಲಿ ಇರಲಿಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಳಿತಿದ್ದ ಕೆಲವು ಮನೋರೋಗಿಗಳು ಎದ್ದು, ಚಪ್ಪಲಿ ಮೆಟ್ಟಿಕೊಂಡು, ರಸ್ತೆಯ ತಿರುವಿನವರೆಗೆ ಹೋಗಿ ಬಂದಿದ್ದರು, ಅಷ್ಟೇ.

ಗದಗದ ಸರಾಫ ಬಜಾರಿನ ಹಿಂದಿನ ಓಣಿಯಲ್ಲಿ ಶಕುಂತಲಾ ಪತ್ತಾರ ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದಳು. ಅವಳ ಎದುರಿಗೆ, ನಡುಮನೆಯ ಮಂಚದ ಮೇಲೆ, ತಮ್ಮ ಮೌನೇಶ ಕುಳಿತಿದ್ದ. ಮುಂಜಾನೆ ಉಪ್ಪಿಟ್ಟು ತಿಂದ ತಟ್ಟೆ ಮಧ್ಯಾಹ್ನವಾದರೂ ಅವನ ಪಕ್ಕದಲ್ಲೇ ಇತ್ತು. ಅದನ್ನು ತೆಗೆದಿಡಲು ಎರಡು ಮಾರು ನಡೆಯಬೇಕಿತ್ತು.

ಮೌನೇಶ ಒಡವೆಗಳಿಗೆ ಹರಳು ಕೂಡಿಸುವುದರಲ್ಲಿ ಒಂದು ಕಾಲಕ್ಕೆ ಓಣಿಗೇ ಹೆಸರಾದವನು. ಇಪ್ಪತ್ತೆರಡು ದಾಟುವ ಹೊತ್ತಿಗೆ ಹರಳುಗಳ ಒಳಗಿನಿಂದ ಯಾರೋ ತನ್ನನ್ನು ಬೈಯುತ್ತಾರೆಂದು ಹೇಳತೊಡಗಿದ. ಒಮ್ಮೆ ಆ ದನಿಗಳಿಂದ ತಪ್ಪಿಸಿಕೊಳ್ಳಲು ರೈಲು ಹಳಿಯ ಮೇಲೆ ಹೋಗಿ ನಿಂತಿದ್ದ. ಹಲವು ವರ್ಷಗಳ ಅಲೆದಾಟದ ನಂತರ ಒಂದು ಮಾತ್ರೆ ಆ ದನಿಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ರೋಗ ಅವನಿಂದ ಇನ್ನೊಂದನ್ನೂ ಕಿತ್ತುಕೊಂಡಾಗಿತ್ತು. ಅದನ್ನು ಯಾವ ಮಾತ್ರೆಯೂ ಮರಳಿಸಲಿಲ್ಲ. ಅವನಿಗೆ ಏಳಬೇಕು ಎನಿಸುತ್ತಿರಲಿಲ್ಲ. ಕುಳಿತಲ್ಲೇ ಮೈ ಬೆಳೆಯಿತು, ಮಾತ್ರೆ ಅದಕ್ಕೆ ಒತ್ತಾಸೆ ಕೊಟ್ಟಿತು, ಸಕ್ಕರೆ ಕಾಯಿಲೆ ಬಂತು, ಅಂಗಾಲಿಗೆ ಸ್ಪರ್ಶ ತಿಳಿಯದಂತಾಯಿತು.

ತೀವ್ರ ಮನೋರೋಗ ಇರುವವರು ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಹೃದಯ ಮತ್ತು ಸಕ್ಕರೆ. ದಿನಕ್ಕೆ ಅರ್ಧ ಗಂಟೆ ನಡೆದರೆ ಇದರಲ್ಲಿ ಬಹಳಷ್ಟನ್ನು ತಡೆಯಬಹುದೆಂದು ಎಲ್ಲ ವೈದ್ಯರೂ ಹೇಳುತ್ತಾರೆ. ಮೌನೇಶನಿಗೆ ಇದೆಲ್ಲ ಬಾಯಿಪಾಠವಾಗಿತ್ತು. ವೈದ್ಯರು ಮಾತು ಮರೆತರೆ ಅವನೇ ನೆನಪಿಸುವಷ್ಟು. ಶಕುಂತಲಾ ದಿನವೂ ಕರೆಯುತ್ತಿದ್ದಳು, ಅವನು ದಿನವೂ ಒಂದೇ ಉತ್ತರ ಕೊಡುತ್ತಿದ್ದ.

“ಹೂಂ ಅಕ್ಕಾ, ನಾಳೆ ಹೋಗೂಣು.”

ಅದು ಸುಳ್ಳಲ್ಲ. ಹೇಳುವಾಗ ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ಓಣಿಯ ಜನ ಅವನನ್ನು ಮೈಗಳ್ಳ ಎನ್ನುತ್ತಿದ್ದರು. ಮೈಗಳ್ಳನಿಗೆ ಕೂರುವುದರಲ್ಲಿ ಸುಖವಿರುತ್ತದೆ. ಮೌನೇಶನಿಗೆ ಅದೂ ಇರಲಿಲ್ಲ.

ತಂದೆ ತಾಯಿ ತೀರಿಹೋದ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಶಕುಂತಲಾಳ ವಯಸ್ಸು ಐವತ್ತರ ಮೇಲೆ, ಮದುವೆಯಾಗಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೆಂಗಸರು ತರುವ ತಾಳಿಸರಗಳ ಹಳೆಯ ದಾರ ಬಿಚ್ಚಿ, ಗುಂಡು, ಕರಿಮಣಿಗಳನ್ನು ತೊಳೆದು ಹೊಸದಾಗಿ ಪೋಣಿಸಿ ಕೊಡುವುದು ಕೆಲಸ. ಕುಳಿತಲ್ಲಿಂದ ತಲೆ ಎತ್ತಿದರೆ ನಡುಮನೆಯ ಮಂಚ ಕಾಣಬೇಕು, ಹಾಗೆ ಚಾಪೆ ಹಾಸಿಕೊಂಡಿದ್ದಳು. ಸಂಜೆ ಮಾತ್ರ ಒಂದಿಷ್ಟು ಹೊತ್ತು ಅವಳದು. ತಮ್ಮನಿಗೆ ಮಾತ್ರೆ ಕೊಟ್ಟು, ನೀರಿನ ತಂಬಿಗೆ ಪಕ್ಕದಲ್ಲಿಟ್ಟು, ಹೊರಗಿನಿಂದ ಬಾಗಿಲ ಚಿಲಕ ಹಾಕಿ, ಭೀಷ್ಮ ಕೆರೆಯ ದಂಡೆಯವರೆಗೆ ನಡೆದುಹೋಗಿ ಬರುತ್ತಿದ್ದಳು. ಚಿಲಕ ರೈಲು ಹಳಿಯ ಘಟನೆಯ ನಂತರ ಬಂದ ರೂಢಿ. ದನಿಗಳು ನಿಂತು ಎಷ್ಟೋ ವರ್ಷವಾಗಿತ್ತು. ಹಿತ್ತಲ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಅವನು ಒಮ್ಮೆಯೂ ಅದರಿಂದ ಹೊರಗೆ ಹೋದವನಲ್ಲ. ಆದರೂ ಅವಳ ಕೈ ಚಿಲಕಕ್ಕೆ ಹೋಗುತ್ತಿತ್ತು.

ಆ ವರ್ಷ ಮೌನೇಶನ ಎಡಗಾಲಿನ ಹೆಬ್ಬೆರಳಿನ ಕೆಳಗೆ ಹುಣ್ಣಾಯಿತು. ವಾಸಿಯಾಗಲು ಬಹಳ ದಿನ ಹಿಡಿಯಿತು. ಹೀಗೇ ಕುಳಿತಿದ್ದರೆ ಮುಂದಿನ ಸಲ ಬೆರಳು ತೆಗೆಯಬೇಕಾದೀತು, ಅದಕ್ಕೂ ಮೊದಲು ಹೃದಯವೇ ಕೈ ಕೊಡಬಹುದು ಎಂದು ವೈದ್ಯರು ಹೇಳಿದರು. ಶಕುಂತಲಾ ಪತ್ರಿಕೆಯ ಆ ತುಂಡನ್ನು ಹಿಡಿದುಕೊಂಡು ಹುಬ್ಬಳ್ಳಿ ರಸ್ತೆಯಲ್ಲಿದ್ದ ಸಂಶೋಧನಾ ಕೇಂದ್ರದ ಬಸ್ಸು ಹತ್ತಿದಳು.

ಕೇಂದ್ರದಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದವರು ಇಬ್ಬರು: ಮನೋವೈದ್ಯೆ ಡಾ. ಮೆಹರ್ ನದಾಫ್ ಮತ್ತು ಎಂಜಿನಿಯರ್ ವೃಷಭ ಉಪಾಧ್ಯೆ. ಮಿದುಳಿನ ಆಳದಲ್ಲಿ ಒಂದು ಸಣ್ಣ ಭಾಗವಿದೆ. ‘ಇದು ಒಳ್ಳೆಯದು’ ಎಂಬ ತಿಳಿವಳಿಕೆಯನ್ನು ‘ಏಳು’ ಎಂಬ ಚಲನೆಗೆ ಜೋಡಿಸುವುದು ಅದರ ಕೆಲಸ. ಮೌನೇಶನಂಥವರಲ್ಲಿ ತಿಳಿವಳಿಕೆಗೆ ಕೊರತೆ ಇಲ್ಲ, ಕಾಲಿಗೂ ಬಲವಿದೆ. ನಡುವಿನ ಸೇತುವೆ ಮಾತ್ರ ಇಲ್ಲ. ಮೊದಲು ಇವರು ತಲೆಗೆ ಕಟ್ಟುವ ಒಂದು ಪಟ್ಟಿಯ ಮೂಲಕ, ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಆ ಭಾಗಕ್ಕೆ ಹಾಯಿಸಿ ಅದನ್ನು ಚುರುಕುಗೊಳಿಸಲು ನೋಡಿದ್ದರು. ರೋಗಿಗಳು ಎದ್ದರು, ನಡೆಯಲಿಲ್ಲ. ಒಬ್ಬಾತ ಇಡೀ ದಿನ ಹೊದಿಕೆಯನ್ನು ಮಡಚುತ್ತ, ಬಿಚ್ಚುತ್ತ ಕಳೆದ. ಒಬ್ಬಾಕೆ ಬಾಗಿಲಿನಿಂದ ಮಂಚಕ್ಕೆ, ಮಂಚದಿಂದ ಬಾಗಿಲಿಗೆ ಚಡಪಡಿಸಿ ಕೊನೆಗೆ ಅತ್ತಳು.

“ಹುರುಪು ಅನ್ನೂದು ಕರೆಂಟ್ ಅಲ್ರಿ, ಹಾಡಿನ ಧಾಟಿ ಇದ್ದಂಗ,” ಎಂದು ಉಪಾಧ್ಯೆ ಶಕುಂತಲಾಳಿಗೆ ವಿವರಿಸಿದರು. “ನಾವು ಬರೇ ದನಿ ಜೋರ್ ಮಾಡಿದ್ವಿ. ಧಾಟೀನ ಕೊಡಲಿಲ್ಲ.”

ಧಾಟಿಯನ್ನು ಎರವಲು ತರಬೇಕಿತ್ತು. ಆರೋಗ್ಯವಂತ ವ್ಯಕ್ತಿಯೊಬ್ಬರು ಮನಸಾರೆ ನಡೆಯಲು ಹೊರಡುವ ಕ್ಷಣದಲ್ಲಿ ಅವರ ಮಿದುಳಿನ ಆ ಭಾಗ ಹೇಗೆ ಮಿಡಿಯುತ್ತದೆ ಎಂಬುದನ್ನು ಇನ್ನೊಂದು ಪಟ್ಟಿಯಿಂದ ಮುದ್ರಿಸಿಕೊಂಡು, ಅದೇ ಮಿಡಿತವನ್ನು ರೋಗಿಯ ಮಿದುಳಿಗೆ ದಿನವೂ ಕಲಿಸುವುದು. ಕೆಲವು ವಾರಗಳಲ್ಲಿ ಮಿದುಳು ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಕೊಡುವವರ ಮತ್ತು ಪಡೆಯುವವರ ಮಿದುಳಿನ ರಚನೆ ಹೋಲಬೇಕಾದ್ದರಿಂದ ಒಡಹುಟ್ಟಿದವರಾದರೆ ಉತ್ತಮ. ಮೌನೇಶನಿಗೆ ಬೇರೆ ಒಡಹುಟ್ಟಿದವರಿರಲಿಲ್ಲ.

ಮೊದಲ ದಿನ ಶಕುಂತಲಾಳನ್ನು ಕೇಂದ್ರದ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಬಿದ್ದೇನೆಂಬ ಹೆದರಿಕೆಯಲ್ಲಿ, ಹೇಳಿದಷ್ಟು ಹೊತ್ತು ನಡೆದಳು. ಪರದೆಯ ಮೇಲಿನ ಗೆರೆ ಏಳಲೇ ಇಲ್ಲ.

“ಇದು ರೇಷನ್ ಪಾಳಿಯೊಳಗ ನಿಂತಂಗ ಐತ್ರಿ,” ಎಂದರು ಉಪಾಧ್ಯೆ. ಶಕುಂತಲಾಳಿಗೂ ನಗು ಬಂತು.

ಡಾ. ನದಾಫ್ ಬೇರೆ ರೀತಿ ಕೇಳಿದರು. ದಿನದಲ್ಲಿ ನಿಮಗೆ ತಾನಾಗಿಯೇ ನಡೆಯಬೇಕೆನಿಸುವ ಹೊತ್ತು ಯಾವುದು? ಶಕುಂತಲಾ ಯೋಚಿಸದೆ ಕೆರೆಯ ದಾರಿಯ ಸಂಗತಿ ಹೇಳಿದಳು. ಹಾಗಾದರೆ ಅದನ್ನೇ ಮುದ್ರಿಸೋಣವೆಂದು ಪಟ್ಟಿಯನ್ನು ಅವಳ ಕೈಗೆ ಕೊಟ್ಟು ಕಳಿಸಿದರು. ಹೊರಡಲು ಎದ್ದಾಗ ಪಟ್ಟಿಯ ಗುಂಡಿ ಒತ್ತಬೇಕು. ಮಿಕ್ಕದ್ದನ್ನು ಅದು ನೋಡಿಕೊಳ್ಳುತ್ತದೆ.

ಶಕುಂತಲಾ ತಲೆಯ ಮೇಲೆ ಸೆರಗು ಹೊದ್ದು ಪಟ್ಟಿ ಕಾಣದಂತೆ ಮಾಡಿಕೊಂಡು ಒಂದು ವಾರ ನಡೆದಳು. ಎದ್ದ ಕೂಡಲೇ ಗುಂಡಿ ಒತ್ತುವುದು ಅವಳಿಂದ ಆಗಲಿಲ್ಲ. ಏಳುವಾಗ ಒಂದು ಕೈಯಲ್ಲಿ ಮಾತ್ರೆಯ ತಟ್ಟೆ, ಇನ್ನೊಂದರಲ್ಲಿ ತಂಬಿಗೆ ಇರುತ್ತಿತ್ತು. ಎರಡೂ ಕೈ ಬಿಡುವಾಗುತ್ತಿದ್ದುದು ಚಿಲಕ ಹಾಕಿದ ಮೇಲೆಯೇ. ಆಗ ಒತ್ತುತ್ತಿದ್ದಳು. ಇದನ್ನು ಅವಳು ಕೇಂದ್ರದಲ್ಲಿ ಹೇಳಿದಳು ಕೂಡ. ಅದರಿಂದೇನೂ ತೊಂದರೆಯಿಲ್ಲ, ನಡಿಗೆಯ ಆರಂಭ ಸಿಕ್ಕರೆ ಸಾಕು ಎಂದರು ಉಪಾಧ್ಯೆ. ನಿಜಕ್ಕೂ ಅವರು ಆ ಗೆರೆಯನ್ನು ನೋಡಿ ಬೆರಗಾಗಿದ್ದರು. ಮುಂಜಾನೆ ವಾಯುವಿಹಾರಕ್ಕೆ ಹೋಗುವ ಅಧಿಕಾರಿಗಳು, ಓಟಗಾರರು, ಕ್ರಿಕೆಟ್ ಆಡುವ ಹುಡುಗರು, ಯಾರ ಗೆರೆಯೂ ಇಷ್ಟು ಸ್ಪಷ್ಟವಾಗಿ, ಇಷ್ಟು ಎತ್ತರಕ್ಕೆ ಎದ್ದಿರಲಿಲ್ಲ.

“ಅಕ್ಕಾರ, ನಿಮ್ಮಷ್ಟು ನಡಿಬೇಕು ಅನ್ನಾವ್ರನ್ನ ನಾ ನೋಡಿಲ್ಲ,” ಎಂದರು. ಶಕುಂತಲಾ ಅದನ್ನು ಹೊಗಳಿಕೆಯಾಗಿ ತೆಗೆದುಕೊಂಡಳು. ಅವರೂ ಹಾಗೆಂದೇ ಹೇಳಿದ್ದರು.

ಮೌನೇಶನಿಗೆ ಪಟ್ಟಿ ಕಟ್ಟಿ ಮೂರನೆಯ ವಾರ. ಶಕುಂತಲಾ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಕರಿಮಣಿ ಪೋಣಿಸುತ್ತಿದ್ದಳು. ಬಾಗಿಲಿಗೆ ನೆರಳು ಬಿತ್ತು. ತಲೆ ಎತ್ತಿದರೆ ಮೌನೇಶ ನಿಂತಿದ್ದ. ಕಾಲಲ್ಲಿ ಚಪ್ಪಲಿ ಇತ್ತು.

“ಎಲ್ಲಿಗಪಾ?”

“ಸುಮ್ನ. ಅಡ್ಡಾಡಿ ಬರ್ತೇನಿ.”

ದಾರ ಕೈಯಿಂದ ಜಾರಿ ಕರಿಮಣಿಗಳು ಚಾಪೆಯ ತುಂಬ ಉರುಳಿದವು. ಗಿರಾಕಿ ಅವನ್ನು ಹೆಕ್ಕುತ್ತಲೇ ಇದ್ದಳು, ಶಕುಂತಲಾ ಹಾಗೆಯೇ ಎದ್ದು ಅವನ ಹಿಂದೆ ಓಣಿಯ ತುದಿಯವರೆಗೆ ಹೋದಳು. ಅವನು ತಿರುಗಿ ನೋಡಲಿಲ್ಲ. ಮಾರುಕಟ್ಟೆ ದಾಟಿ, ಕೆರೆಯ ದಿಕ್ಕು ಹಿಡಿದು ಹೋದ. ಕತ್ತಲಾಗುವ ಮೊದಲು ಮೈಯೆಲ್ಲ ಬೆವರಾಗಿ ಬಂದು, ತಾನೇ ನೀರು ತೆಗೆದುಕೊಂಡು ಕುಡಿದ. ಶಕುಂತಲಾ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕುಳಿತುಬಿಟ್ಟಳು.

ಆಮೇಲಿನ ತಿಂಗಳುಗಳು ಆ ಮನೆಯಲ್ಲಿ ಬಹುಕಾಲದಿಂದ ಬಾರದಂಥವು. ಸಕ್ಕರೆ ಇಳಿಯಿತು. ಅಂಗಿ ಸಡಿಲವಾಯಿತು. ಓಣಿಯ ಮಾತು ಬದಲಾಯಿತು. “ನಿನ್ನ ತಮ್ಮ ಗಡಿಯಾರ ಆಗ್ಯಾನ ಬಿಡವಾ, ಅಂವ ಹೊಂಟ ಅಂದ್ರ ನಾ ಚಾಕ್ಕ ಇಡ್ತೇನಿ,” ಎಂದು ಪಕ್ಕದ ಮನೆಯ ರತ್ನವ್ವ ನಗುತ್ತಿದ್ದಳು. ಉಪಾಧ್ಯೆ ಪರವೂರಿನ ಸಭೆಯೊಂದರಲ್ಲಿ ಮೌನೇಶನ ಗೆರೆ ತೋರಿಸಿ ಬಂದರು. ಶಕುಂತಲಾ ತಾನೂ ಜೊತೆಗೆ ನಡೆಯಬೇಕೆಂದು ಒಂದೆರಡು ಸಲ ಹೊರಟಳು. ಅವಳು ಹತ್ತಿರ ಬಂದಷ್ಟೂ ಅವನು ಬಿರುಸಾಗುತ್ತಿದ್ದ. ಅವಳಿಗೆ ಏದುಸಿರು ಬರುತ್ತಿತ್ತು. ಇದನ್ನೂ ಅವಳು ಹೆಮ್ಮೆಯಿಂದಲೇ ಹೇಳಿಕೊಂಡಳು.

ಶ್ರಾವಣದಲ್ಲಿ ದೂರದ ಸಂಬಂಧಿಯ ಮನೆಯ ಕಾರ್ಯಕ್ಕೆಂದು ಎರಡು ದಿನ ಮುಂಡರಗಿಗೆ ಹೋದಳು. ಇಪ್ಪತ್ತೈದು ವರ್ಷಗಳಲ್ಲಿ ಅವಳು ರಾತ್ರಿ ಮನೆಯಿಂದ ಹೊರಗುಳಿದದ್ದು ಅದೇ ಮೊದಲು. ತಮ್ಮನ ಊಟದ ಹೊಣೆ ರತ್ನವ್ವನದು. ಆ ಎರಡು ದಿನ ಮೌನೇಶ ಮಂಚ ಬಿಟ್ಟು ಏಳಲಿಲ್ಲ. ಪಟ್ಟಿ ಸರಿಯಾಗಿಯೇ ಇತ್ತು. ರತ್ನವ್ವ ಗದರಿದರೂ ‘ನಾಳೆ’ ಎಂದನಂತೆ. ಶಕುಂತಲಾ ಬಸ್ಸಿಳಿದು ಬಂದು ಚೀಲ ಕೆಳಗಿಡುತ್ತಲೇ ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದ.

“ನಾ ಇಲ್ಲಂದ್ರ ಏಳಂಗೇ ಇಲ್ರಿ ಅಂವ,” ಎಂದು ಆ ವಾರ ಡಾ. ನದಾಫ್ ಅವರಿಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ವೈದ್ಯೆ ಅದನ್ನು ಮತ್ತೊಮ್ಮೆ ಹೇಳಿಸಿಕೊಂಡರು. ನೀವು ಬಂದಾಗ ಅವನು ಎದ್ದು ನಿಮ್ಮ ಕಡೆಗೆ ಬಂದನೋ, ಬಾಗಿಲ ಕಡೆಗೆ ಹೋದನೋ ಎಂದು ಕೇಳಿದರು. ಎರಡೂ ಒಂದೇ ಅಲ್ಲವೇ ಎಂದಳು ಶಕುಂತಲಾ.

ಮುಂದಿನ ವಾರ ಒಂದು ಸಂಜೆ ಹೊರಟವನು ಮನೆಗೆ ಮರಳಲಿಲ್ಲ.

ಮರುದಿನ ಮುಂಜಾನೆ ಹುಲಕೋಟಿಯ ಬಸ್ ನಿಲ್ದಾಣದಿಂದ ಫೋನು ಬಂತು. ಅಂಗಿಯ ಜೇಬಿನಲ್ಲಿ ಅವಳು ಬರೆದಿಟ್ಟಿದ್ದ ನಂಬರನ್ನು ನೋಡಿ ಚಹಾದಂಗಡಿಯವನು ಮಾಡಿದ್ದ. ಶಕುಂತಲಾ ಆಟೋ ಹಿಡಿದು ಹೋದಳು. ಮೌನೇಶ ಕಲ್ಲು ಬೆಂಚಿನ ಮೇಲೆ ಕುಳಿತು ಬಿಸ್ಕಿಟ್ ತಿನ್ನುತ್ತಿದ್ದುದು ರಸ್ತೆಯ ಆಚೆಯಿಂದಲೇ ಕಂಡಿತು. ಮುಖ ಶಾಂತವಾಗಿತ್ತು. ಅವಳು ರಸ್ತೆ ದಾಟಿ ಹತ್ತು ಮಾರು ಹತ್ತಿರ ಬರುವಷ್ಟರಲ್ಲಿ ಅವನು ಎದ್ದ. ಬಿಸ್ಕಿಟನ್ನು ಬೆಂಚಿನ ಮೇಲೆ ಬಿಟ್ಟು ಅಣ್ಣಿಗೇರಿಯ ದಿಕ್ಕಿಗೆ ನಡೆಯತೊಡಗಿದ. ಅವಳು ಕರೆದಳು. ಅವನು ಬಿರುಸಾದ.

“ನೀವು ಬರೂತನಾ ಭಾಳ ಆರಾಮ ಕುಂತಿದ್ರು ನೋಡ್ರಿ,” ಎಂದ ಚಹಾದವನು. ಅವನು ಆಕ್ಷೇಪಿಸುತ್ತಿರಲಿಲ್ಲ, ಕಂಡದ್ದನ್ನು ಹೇಳಿದನಷ್ಟೇ.

ಕೊನೆಗೆ ಆಟೋದವನು ಹೋಗಿ ಅವನನ್ನು ಕರೆತಂದ. ಶಕುಂತಲಾ ಬೇರೆಯಾಗಿ ಬಸ್ಸಿನಲ್ಲಿ ಬಂದಳು.

ಕೇಂದ್ರದಲ್ಲಿ ಪರೀಕ್ಷೆ ಏರ್ಪಾಡಾಯಿತು. ಎದುರುಬದುರು ಎರಡು ಬಾಗಿಲುಗಳ ಒಂದು ಕೋಣೆ, ನಡುವೆ ಕುರ್ಚಿ, ಕುರ್ಚಿಯಲ್ಲಿ ಮೌನೇಶ. ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಉಪಾಧ್ಯೆ. ರತ್ನವ್ವ ಒಳಗೆ ಬಂದಳು, ಗೆರೆ ಅಲುಗಲಿಲ್ಲ. ಅಡುಗೆಯವರು ಬಂದರು, ಡಾ. ನದಾಫ್ ಬಂದರು, ಗುರುತೇ ಇಲ್ಲದ ಒಬ್ಬರು ಬಂದರು. ಮೌನೇಶ ನಮಸ್ಕಾರ ಮಾಡಿ ಕುಳಿತೇ ಇದ್ದ. ಆಮೇಲೆ ಶಕುಂತಲಾ ಎಡಗಡೆಯ ಬಾಗಿಲಲ್ಲಿ ನಿಂತಳು. ಗೆರೆ ನೆಟ್ಟಗೆ ಎದ್ದಿತು. ಅವನು ಬಲಬಾಗಿಲಿನಿಂದ ಹೊರಗೆ ಹೋದ. ಕರೆತಂದು ಕೂರಿಸಿದರು. ಅವಳು ಬಲಬಾಗಿಲಲ್ಲಿ ನಿಂತಳು. ಅವನು ಎಡಬಾಗಿಲಿನಿಂದ ಹೋದ. ಉಪಾಧ್ಯೆ ಮತ್ತೊಮ್ಮೆ ಮಾಡಿ ನೋಡೋಣ ಎಂದರು. ಸಾಕು ಎಂದರು ವೈದ್ಯೆ.

ಅವರು ಶಕುಂತಲಾಳನ್ನು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು.

“ಅಕ್ಕಾರ, ಆವಾಗ ಗುಂಡಿ ಒತ್ತೂ ಹೊತ್ತಿನ್ಯಾಗ ನಿಮಗ ಏನ್ ಅನಸ್ತಿತ್ತು?”

“ಏನಿಲ್ರಿ.”

“ನೆನಪ ಮಾಡ್ಕೊಂಡ ಹೇಳ್ರಿ.”

“ಚಿಲಕ ಹಾಕಿದ ಮ್ಯಾಲೆ ಒಂದೀಟ ಉಸಿರು ಬಂದಂಗ ಆಗ್ತಿತ್ರಿ. ಅಷ್ಟ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾ. ನದಾಫ್ ನಿಧಾನವಾಗಿ ವಿವರಿಸಿದರು. ನಾವು ಮುದ್ರಿಸಿಕೊಂಡದ್ದು ‘ನಡೆ’ ಎಂಬ ಮಿಡಿತ ಎಂದುಕೊಂಡಿದ್ದೆವು, ಅಂಥದ್ದೊಂದು ಬರೀ ಮಿಡಿತವೇ ಇಲ್ಲವೆಂದು ಈಗ ಗೊತ್ತಾಗಿದೆ. ಯಾವುದೋ ಒಂದರ ಕಡೆಗೆ ನಡೆಯುವುದಿದೆ, ಯಾವುದೋ ಒಂದರಿಂದ ದೂರ ನಡೆಯುವುದಿದೆ. ನೀವು ಕೊಟ್ಟದ್ದು ಎರಡನೆಯದು. ಮನೆಯಲ್ಲಿ ಬಹುಕಾಲದಿಂದ ತನ್ನ ಜೊತೆಗಿರುವ ಒಬ್ಬರೇ ಒಬ್ಬರನ್ನು ಬಿಟ್ಟು ಹೋಗುವುದು. ನಿಮ್ಮ ತಲೆಯಲ್ಲಿ ಆ ಒಬ್ಬರು ಮೌನೇಶ. ಅವನ ತಲೆಯಲ್ಲಿ ನೀವು. ಮೊದಮೊದಲು ಹಸಿವು, ದಣಿವು ಅವನನ್ನು ಮನೆಗೆ ತರುತ್ತಿದ್ದವು, ಮಿಡಿತ ಬೇರೂರಿದಂತೆ ಅವೂ ಸಾಲದಾದವು. ಇದರಲ್ಲಿ ನಿಮ್ಮ ತಪ್ಪಿಲ್ಲ. ನಿಮ್ಮ ಜಾಗದಲ್ಲಿ ಯಾರಿದ್ದರೂ ಅವರ ಉಸಿರು ಹಾಗೆಯೇ ಬರುತ್ತಿತ್ತು. ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಗೆರೆ ಚೆನ್ನಾಗಿತ್ತು, ಅದನ್ನು ನೋಡುತ್ತ ಕುಳಿತೆವು.

ಶಕುಂತಲಾ ಪಟ್ಟಿ ತೆಗೆದುಬಿಡಿ ಎಂದಳು.

ಅದಕ್ಕೆ ಉತ್ತರ ಉಪಾಧ್ಯೆಯವರ ಬಳಿ ಇತ್ತು, ಹೇಳಲು ಅವರಿಗೆ ಮನಸ್ಸಿರಲಿಲ್ಲ. ಬೇರೆ ರೋಗಿಗಳಲ್ಲಿ ಪಟ್ಟಿ ತೆಗೆದು ನೋಡಿದ್ದರು. ಮೊದಲು ಹೋಗುವುದು ಏಳುವ ಶಕ್ತಿ. ಅದು ಕೆಲವೇ ದಿನಗಳಲ್ಲಿ ಹೋಗುತ್ತದೆ. ಕಲಿತ ದಿಕ್ಕು ಮಾತ್ರ ಹೋಗುವುದಿಲ್ಲ, ಎಷ್ಟು ವರ್ಷ ಉಳಿಯುತ್ತದೋ ಯಾರಿಗೂ ಗೊತ್ತಿಲ್ಲ. ಪಟ್ಟಿ ತೆಗೆದರೆ ಮೌನೇಶ ಮನೆಯಲ್ಲಿ ಅದೇ ಮಂಚದ ಮೇಲೆ ಕೂರುತ್ತಾನೆ, ಎದುರಿಗೆ ಅವಳಿರುತ್ತಾಳೆ, ಅವಳಿಂದ ದೂರ ಹೋಗಬೇಕು ಎನಿಸುತ್ತಿರುತ್ತದೆ, ಏಳಲು ಆಗುವುದಿಲ್ಲ.

ತಮ್ಮನ ಜೊತೆ ಮಾತಾಡಬೇಕೆಂದಳು. ಒಂದು ಗಂಟೆಯ ಮಟ್ಟಿಗೆ ಪಟ್ಟಿಯನ್ನು ಆರಿಸಿದರು. ಮೌನೇಶ ಕೇಂದ್ರದ ಒಂದು ಕೋಣೆಯೊಳಗೆ ಮಂಚದ ಮೇಲೆ, ಅವಳು ಹೊರಗೆ ಪಡಸಾಲೆಯಲ್ಲಿ, ಅರ್ಧ ತೆರೆದ ಬಾಗಿಲ ಈಚೆಗೆ ಗೋಡೆಗೆ ಒರಗಿ ಕುಳಿತಳು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಹಾಗಿದ್ದರೂ ಅವನು ಎರಡೂ ಕೈಯಿಂದ ಮಂಚದ ಅಂಚನ್ನು ಹಿಡಿದುಕೊಂಡಿದ್ದನೆಂದು ಆಮೇಲೆ ವೈದ್ಯೆ ಹೇಳಿದರು.

“ಅಕ್ಕಾ, ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ.”

“ಗೊತ್ತೈತಪಾ.”

“ನೀ ಬಂದಿ ಅಂದ್ರ ಎದಿ ಮ್ಯಾಲೆ ಹಲಗಿ ಹೇರಿದಂಗ ಆಗ್ತೈತಿ. ಓಣಿ ದಾಟಿದ್ರ ಹಗೂರ. ಇದು ನಿಂದಲ್ಲೇನು? ದಿನಾ ಸಂಜಿಕ ನಿನಗ ಹಿಂಗ ಆಗ್ತಿತ್ತೇನು?”

ದನಿಗಳು ಬೈಯುತ್ತಿದ್ದ ಕಾಲದಲ್ಲಿ ಅವನು ಅವಳ ಬಗ್ಗೆ ಏನೇನೋ ಹೇಳಿದ್ದುಂಟು: ಅಕ್ಕ ಅನ್ನದಲ್ಲಿ ವಿಷ ಹಾಕುತ್ತಾಳೆ, ಅಕ್ಕ ತನ್ನನ್ನು ಕಳೆದುಬಿಡಲು ನೋಡುತ್ತಾಳೆ. ಆಗೆಲ್ಲ, ಅದು ರೋಗ, ನಿಜವಲ್ಲ ಎಂದು ಅವನ ತಲೆ ಸವರುತ್ತಿದ್ದಳು. ಈಗ ಹಾಗೆ ಹೇಳುವಂತಿರಲಿಲ್ಲ.

“ಮತ್ತ ತಿರುಗಿ ಹೆಂಗ ಬರ್ತಿದ್ದಿ?” ಎಂದ ಮೌನೇಶ. “ದಿನಾ ಬರ್ತಿದ್ದೆಲ್ಲ. ಅದನ್ನೂ ಕೊಡು ನನಗ.”

ಈ ಮಾತು ಪಕ್ಕದ ಕೋಣೆಯಲ್ಲಿದ್ದ ಇಬ್ಬರಿಗೂ ಕೇಳಿಸಿತು. ಅದು ತಮಗೆ ಹೊಳೆಯದೇ ಹೋದುದಕ್ಕೆ ಉಪಾಧ್ಯೆ ನಾಚಿಕೊಂಡರು. ಕೆರೆಗೆ ಹೋಗುವ ದಾರಿಯನ್ನು ಮುದ್ರಿಸಿದ್ದರು. ಕೆರೆಯಿಂದ ಮನೆಗೆ ಬರುವ ದಾರಿ ಹಾಗೇ ಉಳಿದಿತ್ತು. ಅಲ್ಲಿ ‘ಕಡೆಗೆ’ ಎಂಬ ಮಿಡಿತ ಇರಲೇಬೇಕು. ಅದನ್ನು ಕಲಿಸಿದರೆ ‘ದೂರ’ ಎಂಬ ಮಿಡಿತ ತಾನಾಗಿ ಮಾಸುತ್ತದೆ ಎಂದುಕೊಂಡರು.

ಮೌನೇಶನನ್ನು ಕೇಂದ್ರದಲ್ಲೇ ಇರಿಸಿಕೊಂಡರು. ಪರೀಕ್ಷೆಗೆಂದು ಅವನನ್ನು ಸಂಜೆ ಹೊತ್ತು ಪಟ್ಟಿ ಆರಿಸಿ ಮನೆಗೆ ತಂದು ಕೂರಿಸಿ, ಶಕುಂತಲಾ ತನ್ನ ಪಟ್ಟಿ ಕಟ್ಟಿಕೊಂಡು ಕೆರೆಯಿಂದ ಹೊರಡುವ ಹೊತ್ತಿಗೆ ಗುಂಡಿ ಒತ್ತಿ ಬರುವಂತೆ ಏರ್ಪಾಡು ಮಾಡಿದರು. ಬಹಳ ದಿನ ಅದು ನಡೆಯಿತು. ಶಕುಂತಲಾ ದಾರಿಯುದ್ದಕ್ಕೂ ತಮ್ಮನ ಎಳೆಯ ವಯಸ್ಸನ್ನು ನೆನಪು ಮಾಡಿಕೊಳ್ಳುತ್ತ ಬಂದಳು. ಜಾತ್ರೆಯಲ್ಲಿ ಅವನನ್ನು ಸೊಂಟದ ಮೇಲೆ ಎತ್ತಿಕೊಂಡದ್ದು, ಅವನು ಮೊದಲ ಸಲ ಕೂಡಿಸಿದ ಹರಳಿನ ಮೂಗುಬೊಟ್ಟನ್ನು ಅವಳಿಗೇ ಕೊಟ್ಟದ್ದು. ಮನೆಯ ಬಾಗಿಲು ಕಂಡಾಗ ನಗಲು ನೋಡಿದಳು. ಇಷ್ಟವಾದ ಅಡುಗೆ ಮಾಡಿಟ್ಟು ಹೋದಳು. ಒಮ್ಮೆ ಓಡಿದಳು ಕೂಡ.

ಗೆರೆ ಏಳಲಿಲ್ಲ.

ಅವಳಿಗೆ ತಮ್ಮನ ಮೇಲೆ ಪ್ರೀತಿಯಿತ್ತು. ಪರದೆಯ ಬೇರೆ ಮೂಲೆಯಲ್ಲಿ ಅದರ ಗುರುತು ಕಾಣುತ್ತಿತ್ತು. ಆದರೆ ಅವಳನ್ನು ಪ್ರತಿ ಸಂಜೆ ಮನೆಗೆ ತಂದದ್ದು ಬಯಕೆಯಲ್ಲ. ಅಲ್ಲಿಗೆ ಹೋಗಬೇಕು ಎನಿಸದೆಯೇ, ಇಷ್ಟು ವರ್ಷ ಒಂದು ದಿನವೂ ತಪ್ಪದಂತೆ ಬಂದಿದ್ದಳು. ಅದನ್ನು ಮಾಡಿಸುವ ಭಾಗ ಮಿದುಳಿನಲ್ಲಿ ಎಲ್ಲಿದೆಯೋ, ಪಟ್ಟಿಗೆ ಅದು ಎಟುಕುತ್ತಿರಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದಾದದ್ದು ಹುರುಪು ಮಾತ್ರ. ಇದು ಹುರುಪಲ್ಲ.

ಡಾ. ನದಾಫ್ ಈ ಫಲಿತಾಂಶವನ್ನು ಶಕುಂತಲಾಳಿಗೆ ಹೇಳಿದಾಗ ಅವಳು ಒಂದೇ ಒಂದನ್ನು ಕೇಳಿದಳು: ಅವನಿಗೆ ಏನೆಂದು ಹೇಳುತ್ತೀರಿ? ಹಳೆಯ ಯಂತ್ರದಲ್ಲಿ ದೋಷವಿತ್ತು, ಆಗಲಿಲ್ಲ ಎನ್ನುತ್ತೇವೆ ಎಂದರು ವೈದ್ಯೆ. ಅವರು ಹಾಗೆ ಹೇಳಿದರು. ಮೌನೇಶ ಹೂಂ ಎಂದ. ಅವನು ನಂಬಿದನೋ ಇಲ್ಲವೋ ತಿಳಿಯಲು ಪರದೆಯಲ್ಲಿ ಯಾವ ಗೆರೆಯೂ ಇರಲಿಲ್ಲ.

ಮೌನೇಶ ಈಗ ಕೇಂದ್ರದ ವಸತಿಯಲ್ಲಿದ್ದಾನೆ. ಅವನ ಹೃದಯ ಅವನ ವಯಸ್ಸಿನವರದಕ್ಕಿಂತ ಚೆನ್ನಾಗಿದೆ. ಕಾಲಿನ ಹುಣ್ಣು ಮತ್ತೆ ಬಂದಿಲ್ಲ. ಪಟ್ಟಿ ಕಟ್ಟಿದ ರೋಗಿಗಳ ಪೈಕಿ ಅತಿ ಹೆಚ್ಚು ಸುಧಾರಿಸಿದವರಲ್ಲಿ ಅವನೂ ಒಬ್ಬನೆಂದು ಕೇಂದ್ರದ ವರದಿ ಹೇಳುತ್ತದೆ, ಅದರಲ್ಲಿ ತಪ್ಪು ಮಾಹಿತಿ ಇಲ್ಲ.

ಶಕುಂತಲಾ ಸಂಜೆಯ ಬಸ್ಸಿಗೆ ಅಲ್ಲಿಗೆ ಬರುತ್ತಾಳೆ. ಅವಳು ಬಾರದ ದಿನ ಮೌನೇಶ ಏಳುವುದಿಲ್ಲ. ಜ್ವರ ಬಂದು ಅವಳು ಒಂದು ವಾರ ಮಲಗಿದ್ದಾಗ ಅವನ ಸಕ್ಕರೆ ಏರಿತ್ತು. ರೊಟ್ಟಿ, ಪುಂಡಿಪಲ್ಯದ ಡಬ್ಬಿಯನ್ನು ಕಾವಲುಗಾರನ ಕೈಗೆ ಕೊಡುತ್ತಾಳೆ. ಅವಳು ಎದುರಿಗಿದ್ದರೆ ತುತ್ತು ಇಳಿಯುವುದಿಲ್ಲ, ಹೋದ ಮೇಲೆ ಉಣ್ಣುತ್ತಾನೆ. ವಸತಿಯ ಮುಂದೆ ಬೇವಿನ ಮರಗಳ ಸುತ್ತ ನಡೆಯಲು ಒಂದು ಗುಂಡನೆಯ ದಾರಿ ಇದೆ. ಅವಳು ಗೇಟಿನ ಒಳಗೆ ಕಾಲಿಟ್ಟದ್ದು ಕಂಡ ಕೂಡಲೇ ಅವನು ಬೆಂಚಿನಿಂದ ಎದ್ದು ನಡೆಯತೊಡಗುತ್ತಾನೆ.

ಮೊದಲ ದಿನಗಳಲ್ಲಿ ಅವಳು ಗೇಟಿನ ಬಳಿಯೇ ನಿಲ್ಲುತ್ತಿದ್ದಳು. ದಾರಿ ಗುಂಡಗಿರುವುದರಿಂದ ಅವನು ಅರ್ಧ ಸುತ್ತು ಹೋಗಿ, ಅವಳಿಂದ ಅತಿ ದೂರದ ಜಾಗ ಬಂದಾಗ ನಿಂತುಬಿಡುತ್ತಿದ್ದ. ಮುಂದೆ ಹೋದರೆ ಅವಳ ಹತ್ತಿರವಾಗುತ್ತಿತ್ತು. ಅರ್ಧ ಸುತ್ತು ಸಾಲದೆಂದು ವೈದ್ಯೆ ಹೇಳಿದರು. ಆದ್ದರಿಂದ ಈಗ ಅವಳೂ ನಡೆಯುತ್ತಾಳೆ. ಅವಳು ಹಿಂದಿನಿಂದ ಬಂದಷ್ಟೂ ಅವನು ಮುಂದೆ ಹೋಗುತ್ತಾನೆ. ಅಕ್ಕತಮ್ಮ ಜೊತೆಯಾಗಿ ವ್ಯಾಯಾಮ ಮಾಡುತ್ತಾರೆಂದು ಕೇಂದ್ರ ನೋಡಲು ಬಂದ ಒಬ್ಬರು ಮೆಚ್ಚಿ ಫೋಟೊ ತೆಗೆದುಕೊಂಡರು.

ಒಮ್ಮೆ ಉಪಾಧ್ಯೆ ಕೇಳಿಕೊಂಡದ್ದಕ್ಕೆ ಅವಳು ಪಟ್ಟಿ ಕಟ್ಟಿಕೊಂಡೇ ಆ ದಾರಿಯಲ್ಲಿ ನಡೆದಳು. ಅವರು ಪರದೆ ನೋಡಿ ಆರಿಸಿದರು. ರೇಷನ್ ಪಾಳಿಯೇನ್ರಿ ಎಂದು ಅವಳೇ ಕೇಳಿದಳು. ಅವರು ನಗಲಿಲ್ಲ. ಭೀಷ್ಮ ಕೆರೆಯ ಕಡೆಗೆ ಅವಳು ಹೋಗಿ ಬಹಳ ಕಾಲವಾಯಿತು. ಮನೆಯಲ್ಲಿ ಚಿಲಕ ಹಾಕಿ ಹೋಗಲು ಯಾರೂ ಇಲ್ಲ; ಹೋಗಬೇಕು ಎಂದೂ ಅನಿಸುವುದಿಲ್ಲ.

ನಡಿಗೆ ಸಾಕೆನಿಸಿದಾಗ ಅವನನ್ನು ನಿಲ್ಲಿಸಲು ಇರುವ ದಾರಿ ಒಂದೇ, ಅವಳು ಹೊರಗೆ ಹೋಗಬೇಕು. ಸೆರಗಿನಿಂದ ಮುಖ ಒರೆಸಿಕೊಂಡು, ತಿರುಗಿ ನೋಡದೆ ಗೇಟು ದಾಟುತ್ತಾಳೆ. ಅದು ಹಳೆಯ ಕಬ್ಬಿಣದ ಗೇಟು, ಚಿಲಕ ಹೊರಗಡೆಗಿದೆ. ಕಾವಲುಗಾರ ಎದ್ದು ಬರುವ ಮೊದಲೇ ಅವಳು ತಾನೇ ಅದನ್ನು ಎಳೆದು ಹಾಕುತ್ತಾಳೆ. ಸದ್ದು ಬೇವಿನ ಮರಗಳವರೆಗೂ ಹೋಗುತ್ತದೆ. ಆಗ ಒಳಗೆ ಮೌನೇಶ ನಿಂತು, ಬೆಂಚಿಗೆ ಮರಳಿ ಕುಳಿತು, ಉಸಿರು ಬಿಡುತ್ತಾನೆ.

ರಸ್ತೆಯ ಈಚೆಗೆ ಬಸ್ಸು ಕಾಯುತ್ತ ನಿಂತ ಶಕುಂತಲಾಳಿಗೆ ಆ ಉಸಿರು ಕೇಳಿಸುವುದಿಲ್ಲ. ಅದು ಹೇಗಿರುತ್ತದೆಂದು ಅವಳಿಗೆ ಗೊತ್ತು.